ಸಾಂಡಪಾಣಿ, ಮಲಿನಜಲ, ಬಚ್ಚಲು ನೀರು: ಗಡಿಯ ಸಣ್ಣ ಊರಿಗೆ ಬರುವ ತ್ಯಾಜ್ಯನೀರಿನ ಯೋಜನೆ

ಗಡಿಯಾಚೆಯ ಕನ್ನಡಿಗರ ಭಾಷಾ ಹಕ್ಕುಗಳನ್ನು ಕುರಿತ ಬರವಣಿಗೆಯಲ್ಲಿ ಶಾಲೆ, ಪಠ್ಯಪುಸ್ತಕ, ಶಿಕ್ಷಕರ ನೇಮಕಾತಿ, ನಾಮಫಲಕ ಮತ್ತೆ ಮತ್ತೆ ಬರುತ್ತವೆ, ಚರಂಡಿ ಬರುವುದಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಭಾಷೆಯೆಂದರೆ ಸಂಸ್ಕೃತಿ, ಸಂಸ್ಕೃತಿಯೆಂದರೆ ಸಾಹಿತ್ಯ ಎಂಬ ಗ್ರಹಿಕೆಯಲ್ಲಿ ಬಚ್ಚಲಿನಿಂದ ಹರಿದುಹೋಗುವ ನೀರಿಗೆ ಜಾಗವಿಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಜತ್ತ, ಅಕ್ಕಲಕೋಟೆ, ಮಂಜೇಶ್ವರ, ತಾಳವಾಡಿಯಂಥ ತಾಲೂಕುಗಳ ಸಣ್ಣ ಊರುಗಳಿಗೆ ಸರ್ಕಾರ ಹೆಚ್ಚಾಗಿ ಬಂದಿರುವುದು ನೀರಿನ ಯೋಜನೆಗಳ ರೂಪದಲ್ಲಿ. 2019ರಲ್ಲಿ ಘೋಷಣೆಯಾದ ಜಲಜೀವನ ಮಿಷನ್ ಪ್ರತಿ ಗ್ರಾಮೀಣ ಮನೆಗೆ ನಲ್ಲಿಯ ಮೂಲಕ ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ ಇಟ್ಟುಕೊಂಡಿತು. ಒಳಗೆ ಬಂದ ನೀರು ಹೊರಗೂ ಹೋಗಬೇಕು. ಹೊರಗೆ ಹೋಗುವ ಆ ನೀರಿಗಾಗಿ ಸ್ವಚ್ಛ ಭಾರತ ಮಿಷನ್‌ನ ಗ್ರಾಮೀಣ ವಿಭಾಗದ ಎರಡನೆಯ ಹಂತ 2020-21ರಲ್ಲಿ ಆರಂಭವಾಯಿತು. ಪ್ರತಿ ಗ್ರಾಮವೂ ತನ್ನ ತ್ಯಾಜ್ಯನೀರಿಗೆ ಒಂದು ಯೋಜನೆ ಮಾಡಿಕೊಳ್ಳಬೇಕೆಂಬ ನಿರೀಕ್ಷೆ ಅದರೊಂದಿಗೆ ಬಂದಿತು.

ಗಡಿಯ ಕನ್ನಡ ಹಳ್ಳಿಯಲ್ಲಿ ಇಂಥ ಯೋಜನೆ ಮೂರು ಭಾಷೆಗಳನ್ನು ದಾಟುತ್ತದೆ. ತಾಂತ್ರಿಕ ವರದಿ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ. ಗ್ರಾಮಸಭೆಯ ಠರಾವು ಆಯಾ ರಾಜ್ಯದ ಭಾಷೆಯಲ್ಲಿ ಬರೆಯಲ್ಪಡುತ್ತದೆ. ಕಟ್ಟೆಯ ಮೇಲಿನ ಮಾತುಕತೆ, ತಕರಾರು, ಒಪ್ಪಿಗೆ ಕನ್ನಡದಲ್ಲಿ ನಡೆಯುತ್ತವೆ. ಒಪ್ಪಿಗೆಯೆಂದು ಕೊನೆಗೆ ಕಡತದಲ್ಲಿ ಉಳಿಯುವುದು ಎರಡನೆಯದು ಮಾತ್ರ. ಯಾವ ನೀರು, ಎಲ್ಲಿಗೆ, ಶುದ್ಧವಾದ ಮೇಲೆ ಯಾವುದಕ್ಕೆ, ಹೂಳು ತೆಗೆಯುವವರು ಯಾರು ಎಂಬ ನಾಲ್ಕು ಪ್ರಶ್ನೆಗಳ ಉತ್ತರ ಪಾರಿಭಾಷಿಕ ಪದಗಳ ಒಳಗೇ ಅಡಗಿರುತ್ತದೆ. ಇಲ್ಲಿ ಮುಖ್ಯವಾಗಿ ನೋಡುವುದು ಮಹಾರಾಷ್ಟ್ರದ ಜತ್ತ-ಅಕ್ಕಲಕೋಟೆಯ ಭಾಗವನ್ನು. ಬಳಿಕ ಕೇರಳದ ಕಾಸರಗೋಡನ್ನು. ಕಾರಣ ಸರಳ: ಯೋಜನೆ ಒಂದೇ, ಹಣದ ಲೆಕ್ಕ ಒಂದೇ, ಕಾಲಡಿಯ ನೆಲ ಮಾತ್ರ ತದ್ವಿರುದ್ಧ.

ಮೊದಲು ಲೆಕ್ಕ. ಎರಡು ಸಾವಿರ ಜನರ ಒಂದು ಊರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತಲೆಗೆ 55 ಲೀಟರಿನಂತೆ ದಿನಕ್ಕೆ 1,10,000 ಲೀಟರ್ ನೀರು ಬಂದರೆ, ಅದರಲ್ಲಿ ಶೇ. 65ರಿಂದ 70ರಷ್ಟು ಸ್ನಾನ, ಪಾತ್ರೆ, ಬಟ್ಟೆಯ ನೀರಾಗಿ ಹೊರಬೀಳುತ್ತದೆ ಎಂದು ಯೋಜಕರು ಎಣಿಸುತ್ತಾರೆ. ಅಂದರೆ ದಿನಕ್ಕೆ ಸುಮಾರು 75,000 ಲೀಟರ್. ಇದರ ನಿರ್ವಹಣೆಗೆ ಎರಡನೆಯ ಹಂತದ ಮಾರ್ಗಸೂಚಿ ಐದು ಸಾವಿರದವರೆಗಿನ ಜನಸಂಖ್ಯೆಯ ಗ್ರಾಮಕ್ಕೆ ತಲೆಗೆ ಗರಿಷ್ಠ 280 ರೂಪಾಯಿ, ಅದಕ್ಕೂ ಹೆಚ್ಚು ಜನರಿರುವ ಗ್ರಾಮಕ್ಕೆ 660 ರೂಪಾಯಿ ನಿಗದಿ ಮಾಡಿತು. ನಮ್ಮ ಊರಿಗೆ ಸಿಗುವುದು 5,60,000 ರೂಪಾಯಿ, ಅದರಲ್ಲೂ ಶೇ. 30ರಷ್ಟನ್ನು ಪಂಚಾಯತಿ ಹಣಕಾಸು ಆಯೋಗದ ಅನುದಾನದಿಂದ ತಾನೇ ಹೊಂದಿಸಬೇಕು. ಐದು ಸಾವಿರ ಜನರ ಗ್ರಾಮಕ್ಕೆ 14 ಲಕ್ಷ. ಒಬ್ಬನೇ ಒಬ್ಬ ಹೆಚ್ಚಾದರೆ 33 ಲಕ್ಷ. ಸಣ್ಣ ಊರು ತಲೆಗೆ ಕಡಿಮೆ ಖರ್ಚಿನಲ್ಲಿ ಮುಗಿಸಬಹುದು ಎಂಬ ನಂಬಿಕೆ ಈ ಗೆರೆಯ ಹಿಂದಿದೆ. ಮನೆಯ ಹಿಂದೆ ಜಾಗವಿದೆ, ನೆಲ ನೀರು ಕುಡಿಯುತ್ತದೆ ಎಂಬ ಊಹೆ ಅದು. ಊಹೆ ನಿಜವೋ ಅಲ್ಲವೋ ಎಂಬುದು ಮಣ್ಣಿಗೆ ಬಿಟ್ಟ ವಿಚಾರ.

ಆದ್ದರಿಂದ ‘ಘಟಕ’ ಎಂಬ ಪದ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪಿಸುತ್ತದೆ. ಘಟಕವೆಂದೊಡನೆ ಪಟ್ಟಣ ಕಂಡವರ ಕಣ್ಣಿಗೆ ಕಟ್ಟುವುದು ಕಾಂಕ್ರೀಟಿನ ತೊಟ್ಟಿಗಳು, ಗಾಳಿ ಊದುವ ಯಂತ್ರ, ಹಗಲಿರುಳು ಓಡುವ ಪಂಪು. ಐದೂವರೆ ಲಕ್ಷದಲ್ಲಿ ಅದು ಆಗದು. ಆದರೂ ಅದರ ವಿದ್ಯುತ್ ಬಿಲ್ಲನ್ನು ಪಂಚಾಯತಿ ಕಟ್ಟಲಾರದು. ಸಣ್ಣ ಊರಿಗೆ ದಕ್ಕುವ ವ್ಯವಸ್ಥೆಗಳೆಲ್ಲ ಇಳಿಜಾರು, ಹೊತ್ತು, ಬಿಸಿಲು ಈ ಮೂರರ ಮೇಲೆ ನಿಂತಿವೆ. ಮನೆಮಟ್ಟದಲ್ಲಿ ಇಂಗುಗುಂಡಿ ಅಥವಾ ಕೈತೋಟ. ಊರಮಟ್ಟದಲ್ಲಿ ಚರಂಡಿಯ ಕೊನೆಗೆ ಒಂದು ಜಾಲರಿ, ಕೆಸರು ತಂಗುವ ತೊಟ್ಟಿ, ಆಮೇಲೆ ಸಾಲಾಗಿ ಕೊಳಗಳು. ಮೊದಲ ಕೊಳ ಆಳವಾದುದು. ಅಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ. ಎರಡನೆಯದು ಒಂದೂವರೆ ಮೀಟರಿನ ಆಸುಪಾಸು. ಮೇಲ್ಪದರದಲ್ಲಿ ಪಾಚಿ ಬೆಳೆದು ಬಿಸಿಲಿನ ಬಲದಿಂದ ಆಮ್ಲಜನಕ ಕೊಡುತ್ತದೆ, ಅದನ್ನು ಉಸಿರಾಡುವ ಬೇರೆ ಜಾತಿಯ ಜೀವಿಗಳು ಉಳಿದ ಕೊಳೆಯನ್ನು ತಿನ್ನುತ್ತವೆ. ಕೊನೆಯದು ಇನ್ನೂ ತೆಳು. ಬಿಸಿಲು ತಳದವರೆಗೆ ಇಳಿದು ರೋಗಾಣುಗಳನ್ನು ಕೊಲ್ಲುತ್ತದೆ. ಕೊಳಗಳ ಬದಲು ಜಲ್ಲಿ ತುಂಬಿದ ಹಾಸಿನಲ್ಲಿ ಜೊಂಡು ನೆಟ್ಟು ಅದರ ಬೇರುಗಳ ನಡುವೆ ನೀರು ಹಾಯಿಸುವುದೂ ಉಂಟು. ಕೆಲಸ ಮಾಡುವವು ಜೀವಿಗಳು. ಮನುಷ್ಯ ಕೊಡುವುದು ಅವುಗಳಿಗೆ ಬೇಕಾದ ಸಮಯ ಮತ್ತು ಜಾಗ. 75,000 ಲೀಟರ್ ಎಂದರೆ 75 ಘನ ಮೀಟರ್. ಆ ನೀರು ಹತ್ತು ದಿನ ನಿಲ್ಲಬೇಕಾದರೆ 750 ಘನ ಮೀಟರಿನ ಕೊಳ ಬೇಕು. ಒಂದೂವರೆ ಮೀಟರ್ ಆಳವಾದರೆ 500 ಚದರ ಮೀಟರ್, ಅಂದರೆ ಸರಿಸುಮಾರು ಐದು ಗುಂಟೆ. ಒಡ್ಡು, ದಾರಿ, ಬೇಲಿ ಸೇರಿದರೆ ಎಂಟೋ ಹತ್ತೋ ಗುಂಟೆ. ಯೋಜನೆ ಹಣ ಕೊಡುತ್ತದೆ, ಜಮೀನು ಕೊಡುವುದಿಲ್ಲ. ಈ ಹತ್ತು ಗುಂಟೆಯ ವಿಚಾರ ಮುಂದೆ ಬರುತ್ತದೆ.

ಜತ್ತದ ನೆಲಕ್ಕೆ ಬಂದರೆ, ಅದು ಮಳೆ ಕಡಿಮೆ ಬೀಳುವ, ಬರ ಬಂದುಹೋಗುವ ದಖ್ಖನಿನ ಕಪ್ಪುಕಲ್ಲಿನ ಸೀಮೆ. ಕುಡಿಯುವ ನೀರಿನ ಕೊರತೆಯೇ 2012ರಲ್ಲಿ ಇಲ್ಲಿನ ಹಲವು ಗ್ರಾಮ ಪಂಚಾಯತಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಲು ಕಾರಣವಾಗಿತ್ತೆಂಬುದು 2022ರ ನವೆಂಬರಿನಲ್ಲಿ ಎರಡೂ ರಾಜ್ಯಗಳ ರಾಜಕಾರಣದಲ್ಲಿ ಮತ್ತೆ ಸದ್ದು ಮಾಡಿತು. ಇಂಥ ಸೀಮೆಯಲ್ಲಿ ದಿನಕ್ಕೆ 75,000 ಲೀಟರ್ ನೀರು ‘ತ್ಯಾಜ್ಯ’ವಲ್ಲ, ಆಸ್ತಿ. ಮೇವಿನ ಜೋಳಕ್ಕೆ, ಗಿಡಗಳಿಗೆ ಅದು ಸಲ್ಲಬಹುದು. ಕೇಂದ್ರದ ಪರಿಸರ ನಿಯಮಗಳ ಸಾಮಾನ್ಯ ಮಾನದಂಡವೂ ಈ ಭೇದವನ್ನು ಗುರುತಿಸಿದೆ. ನೀರಿನಲ್ಲಿರುವ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ ಹಳ್ಳ-ಹೊಳೆಗೆ ಬಿಡುವ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಹೊಲಕ್ಕೆ ಹಾಯಿಸುವ ನೀರಿಗೆ 100ರವರೆಗೆ ಅವಕಾಶವಿದೆ. ಹಳ್ಳಕ್ಕೆ ಬಿಡುತ್ತೇವೆಂದು ಬರೆದ ಯೋಜನೆ ಹೊಲಕ್ಕೆ ಹಾಯಿಸುತ್ತೇವೆಂದು ಬರೆದ ಯೋಜನೆಗಿಂತ ದುಬಾರಿ. ಇದನ್ನು ಆರಿಸಬೇಕಾದವರು ಊರಿನವರು, ಸಲಹೆಗಾರರಲ್ಲ.

ಮಹಾರಾಷ್ಟ್ರದಲ್ಲಿ ಈ ವಿಷಯದ ಮಾತೆಲ್ಲ ಸುತ್ತುವುದು ‘ಶೋಷಖಡ್ಡಾ’ ಎಂಬ ಪದದ ಸುತ್ತ. ನಾಂದೇಡ ಜಿಲ್ಲೆಯ ಟೆಂಭುರ್ಣಿ ಮನೆಮನೆಗೂ ಇಂಥ ಗುಂಡಿ ತೋಡಿ ಚರಂಡಿಯನ್ನೂ ಸೊಳ್ಳೆಯನ್ನೂ ಇಲ್ಲವಾಗಿಸಿದ ಊರೆಂದು ಹೆಸರಾಯಿತು; ‘ಜಾದೂ ಗುಂಡಿ’ ಎಂಬ ಹೆಸರಿನಲ್ಲಿ ಆ ಮಾದರಿ ರಾಜ್ಯದಾಚೆಗೂ ಹರಡಿತು. ಮಧ್ಯೆ ಕೆಸರು ತಂಗುವ ಒಂದು ಸಣ್ಣ ಗಡಿಗೆ ಅಥವಾ ತೊಟ್ಟಿ, ಸುತ್ತ ಕಲ್ಲು, ಕೆಳಗೆ ನೀರಿಳಿಯುವ ನೆಲ: ಇಷ್ಟೇ ಅದರ ಗುಟ್ಟು. ಕನ್ನಡದ ಕಿವಿಗೆ ‘ಶೋಷ’ ಎಂದಾಗ ಕೇಳಿಸುವುದು ಶೋಷಣೆ. ಮೂಲಧಾತು ಒಂದೇ, ಹೀರುವುದು. ಒಂದು ಭಾಷೆಯಲ್ಲಿ ಅದು ಗುಂಡಿಗೆ ಹೋಯಿತು, ಇನ್ನೊಂದರಲ್ಲಿ ಜಮೀನ್ದಾರನಿಗೆ. ಮಡಕಶಿರ, ರಾಯದುರ್ಗದ ಕಡೆ ಈ ಗೊಂದಲವಿಲ್ಲ. ತೆಲುಗಿನ ‘ಇಂಕುಡು ಗುಂತ’ ಕನ್ನಡದ ಇಂಗುಗುಂಡಿಯ ಒಡಹುಟ್ಟು, ಭಾಷಾಂತರವೇ ಬೇಡ.

ಆದರೆ ಪದದ ನಗೆಗಿಂತ ಮಣ್ಣಿನ ಮಾತು ಗಂಭೀರ. ಎರೆಮಣ್ಣು ನೀರು ಕುಡಿದರೆ ಉಬ್ಬಿ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಗುಂಡಿ ಎರೆಯಲ್ಲೇ ನಿಂತರೆ ಕೆಲವೇ ತಿಂಗಳಲ್ಲಿ ತುಂಬಿ ಅಂಗಳಕ್ಕೆ ಉಕ್ಕುತ್ತದೆ; ಎರೆಯನ್ನು ದಾಟಿ ಕೆಳಗಿನ ಗರಸಿನವರೆಗೆ ಇಳಿದರೆ ಮಾತ್ರ ನೀರು ಇಂಗುತ್ತದೆ. ಗರಸು ಎಷ್ಟು ಆಳದಲ್ಲಿದೆ ಎಂಬುದು ಓಣಿಯಿಂದ ಓಣಿಗೆ ಬೇರೆ. ಆ ಭಾಗದ ಕನ್ನಡದಲ್ಲಿ ಇದಕ್ಕೆ ಸಿದ್ಧವಾದ ಮಾತುಗಳಿವೆ: ಎರೆ, ಮಸಾರಿ, ಗರಸು, ಜವಳು. ಹೊಲಕ್ಕೆ ಇಟ್ಟ ಹೆಸರಿನಲ್ಲೇ ನೀರು ನಿಲ್ಲುವ ಜಾಗ ಯಾವುದು, ಇಂಗುವ ಜಾಗ ಯಾವುದು ಎಂಬ ಮಾಹಿತಿ ಇರುತ್ತದೆ. ಇಡೀ ಜಿಲ್ಲೆಗೆ ಒಂದೇ ಅಳತೆಯ ಗುಂಡಿಯ ನಕ್ಷೆ ಹಂಚುವ ಯೋಜನೆಗೆ ಇಲ್ಲದ ಜ್ಞಾನ ಇದು. ಜವಳು ಭೂಮಿಯಲ್ಲಿ ಗುಂಡಿ ತೋಡಿಸಬೇಡಿ ಎಂದು ಒಬ್ಬ ಮುದುಕಿ ಹೇಳಿದರೆ ಅದು ಭೂವಿಜ್ಞಾನದ ಮಾತು. ಠರಾವಿನಲ್ಲಿ ಅದು ‘ಚರ್ಚೆ ನಡೆಯಿತು’ ಎಂಬ ಒಂದು ಸಾಲಾಗಿಬಿಟ್ಟರೆ ಯೋಜನೆಗೇ ನಷ್ಟ.

ಇನ್ನು ‘ಸಾಂಡಪಾಣಿ’. ಚೆಲ್ಲಿದ ನೀರು ಎಂಬುದು ಅದರ ಮೂಲಾರ್ಥ. ಮರಾಠಿಯ ಆಡಳಿತ ಭಾಷೆಯಲ್ಲಿ ಹಳ್ಳಿಯ ‘ಸಾಂಡಪಾಣಿ ವ್ಯವಸ್ಥಾಪನ’ವೆಂದರೆ ಸ್ನಾನ-ಪಾತ್ರೆಯ ನೀರಿನ ವಿಲೇವಾರಿ, ನಗರದ ‘ಸಾಂಡಪಾಣಿ ಪ್ರಕ್ರಿಯಾ ಕೇಂದ್ರ’ವೆಂದರೆ ಶೌಚದ ನೀರೂ ಸೇರಿದ ಕೊಳಚೆಯ ಘಟಕ. ಒಂದೇ ಪದ ಎರಡು ನೀರುಗಳನ್ನು ಹೊತ್ತಿದೆ. ತಂತ್ರದ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ಸ್ನಾನದ ನೀರಿಗೆ ಇಂಗುಗುಂಡಿ ಸರಿ. ಶೌಚದ ನೀರು ಅದೇ ಗುಂಡಿಗೆ ಇಳಿದರೆ ರೋಗಾಣು ಕೊಳವೆಬಾವಿಯ ದಾರಿ ಹಿಡಿಯುತ್ತದೆ. ಹಳ್ಳಿಗಳಲ್ಲಿ ಸೆಪ್ಟಿಕ್ ಟ್ಯಾಂಕಿನ ಹೊರಕೊಳವೆಯನ್ನು ತೆರೆದ ಚರಂಡಿಗೆ ಸೇರಿಸುವುದು ಸಾಮಾನ್ಯ. ಹಾಗೆ ಹತ್ತು ಮನೆ ಮಾಡಿದರೂ ಇಡೀ ಚರಂಡಿಯ ನೀರಿನ ಜಾತಿ ಬದಲಾಗುತ್ತದೆ. ತಿಳಿನೀರಿಗೆಂದು ಲೆಕ್ಕ ಹಾಕಿದ ಕೊಳ ಬೇರೆಯೇ ನೀರನ್ನು ಹೊರಬೇಕಾಗುತ್ತದೆ.

ಕನ್ನಡದ ‘ಬಚ್ಚಲು ನೀರು’ ಇಲ್ಲಿ ಹೆಚ್ಚು ಖಚಿತವಾದ ಪದ. ಬಚ್ಚಲೆಂದರೆ ಮೀಯುವ, ಪಾತ್ರೆ ತೊಳೆಯುವ ತಾಣ. ಸಂಡಾಸು ಅದರಿಂದ ಬೇರೆ. ಮನೆಯ ರಚನೆಯಲ್ಲೇ ಇದ್ದ ಈ ಅಂತರವನ್ನು ಪದ ಉಳಿಸಿಕೊಂಡಿದೆ. ಹೀಗಿದ್ದೂ ಕರ್ನಾಟಕದ ಇಲಾಖೆಗಳು ಇಂಗ್ಲಿಷಿನ ಬಣ್ಣವನ್ನೇ ಅನುವಾದಿಸಿ ‘ಬೂದು ನೀರು’ ಎಂದವು, ಅದರ ಜೊತೆಗೆ ‘ಕಪ್ಪು ನೀರು’ ಬಂತು. ಬೂದು ಎಂದರೆ ಬೂದಿಯ ನೆನಪು, ಕಪ್ಪು ನೀರೆಂದರೆ ಅಂಡಮಾನಿನ ಕರಿನೀರಿನ ಶಿಕ್ಷೆಯ ನೆನಪು. ಎರಡೂ ಬಚ್ಚಲ ಮೋರಿಯ ಹತ್ತಿರ ಸುಳಿಯುವುದಿಲ್ಲ. ಗಡಿಯ ಹಳ್ಳಿಗೆ ಕನ್ನಡದ ಪ್ರತಿ ಬೇಕೆಂದಾಗ ಬೆಂಗಳೂರಿನ ಪಾರಿಭಾಷಿಕ ಪದಗಳನ್ನು ತಂದು ಅಂಟಿಸಿದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

‘ಶುದ್ಧೀಕರಣ’ದ ತೊಡಕು ಬೇರೆ ಬಗೆಯದು. ಕರ್ನಾಟಕದ ಹಳ್ಳಿಗಳಲ್ಲೂ ಅದರ ಅಂಚಿನ ಊರುಗಳಲ್ಲೂ ‘ಶುದ್ಧ ನೀರಿನ ಘಟಕ’ವೆಂದರೆ ನಾಣ್ಯ ಹಾಕಿ ಕ್ಯಾನಿಗೆ ಕುಡಿಯುವ ನೀರು ತುಂಬಿಕೊಳ್ಳುವ ಕೋಣೆ. ‘ತ್ಯಾಜ್ಯನೀರು ಶುದ್ಧೀಕರಣ ಘಟಕ’ ಎಂದರೆ ಚರಂಡಿ ನೀರನ್ನು ತೊಳೆದು ಮತ್ತೆ ಕುಡಿಸುತ್ತಾರೆ ಎಂದು ಕೇಳಿದವರು ಅಂದುಕೊಂಡರೆ ಅದು ಅಜ್ಞಾನವಲ್ಲ, ಪದವನ್ನು ಅದರ ಬಳಕೆಯಲ್ಲಿ ಓದಿದ ರೀತಿ. ಹೊಲೆ-ಮಡಿಯ ಇತಿಹಾಸವಿರುವ ಸಮಾಜದಲ್ಲಿ ಶುದ್ಧಿ ಎಂಬುದು ಹೌದು-ಅಲ್ಲದ ಮಾತು. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಮಟ್ಟದ ಮಾತಲ್ಲ. ಕೊಳದಿಂದ ಹೊರಬರುವ ನೀರು ಮೇವಿಗೆ ಆಗುತ್ತದೆ, ಹಸಿಯಾಗಿ ತಿನ್ನುವ ಸೊಪ್ಪು-ತರಕಾರಿಗೆ ಬೇಡ, ಕುಡಿಯಲು ಖಂಡಿತ ಅಲ್ಲ. ಇದನ್ನು ಹೇಳಲು ಮರಾಠಿಯ ‘ಪ್ರಕ್ರಿಯಾ’ ಎಷ್ಟೋ ಪ್ರಾಮಾಣಿಕ. ಅದು ಏನನ್ನೂ ಭರವಸೆ ಕೊಡುವುದಿಲ್ಲ. ಹೊಸೂರು, ತಾಳವಾಡಿಯವರು ಕೇಳುವ ತಮಿಳಿನ ‘ಸುತ್ತಿಕರಿಪ್ಪು’ ನಮ್ಮ ಶುದ್ಧೀಕರಣವೇ. ಆದರೆ ಕೆಸರಿಗೆ ಅಲ್ಲಿ ಬಳಸುವ ‘ಕಸಡು’ ಕನ್ನಡದ ಕಸಕ್ಕೆ ನೆಂಟನಾದುದರಿಂದ ಅರ್ಥ ತಾನಾಗಿ ತಿಳಿಯುತ್ತದೆ.

ಈಗ ಆ ಹತ್ತು ಗುಂಟೆ. ನೀರು ಇಳಿಜಾರಿಗೆ ಹರಿಯುತ್ತದೆ. ಪಂಪಿಲ್ಲದ ವ್ಯವಸ್ಥೆಗೆ ಊರಿನ ಅತಿ ತಗ್ಗಿನ ಜಾಗವೇ ಬೇಕು. ದಖ್ಖನಿನ ಅನೇಕ ಊರುಗಳಲ್ಲಿ ತಗ್ಗಿನ ಕಡೆ ಇರುವುದು ಕೇರಿ. ಗೌಡರ ಓಣಿಯಲ್ಲಿ ಹುಟ್ಟಿದ ಚರಂಡಿ ಕೇರಿಯ ಬಾಗಿಲಲ್ಲಿ ಮುಗಿಯುವುದು ಭೂಗೋಳದ ಆಕಸ್ಮಿಕವಲ್ಲ. ಯಾರು ಎಲ್ಲಿ ಮನೆ ಕಟ್ಟಬಹುದೆಂಬುದನ್ನು ನಿರ್ಧರಿಸಿದ ಹಳೆಯ ವ್ಯವಸ್ಥೆಯ ಫಲ. ‘ತಾಂತ್ರಿಕವಾಗಿ ಯೋಗ್ಯವಾದ ಸ್ಥಳ’ ಎಂಬ ವರದಿಯ ಪದಪುಂಜ ಈ ಇತಿಹಾಸವನ್ನು ನಕ್ಷೆಯ ಮೇಲಿನ ಒಂದು ಚುಕ್ಕೆಯಾಗಿಸುತ್ತದೆ. ಜಾಗವೂ ಹೆಚ್ಚಾಗಿ ಗಾಯರಾಣವಾಗಿರುತ್ತದೆ, ಅಂದರೆ ಸ್ವಂತ ಹೊಲವಿಲ್ಲದವರು ಆಡು-ಕುರಿ ಮೇಯಿಸುವ ನೆಲ. ಪರ್ಯಾಯವಿಲ್ಲವೆಂದಲ್ಲ. ಚರಂಡಿಯನ್ನು ಇನ್ನೂರು-ಮುನ್ನೂರು ಮೀಟರ್ ಮುಂದೆ ಒಯ್ಯಬಹುದು, ಊರನ್ನು ಎರಡು-ಮೂರು ಇಳಿಜಾರುಗಳಾಗಿ ಒಡೆದು ಸಣ್ಣ ಸಣ್ಣ ಜೊಂಡಿನ ಹಾಸುಗಳನ್ನು ಮಾಡಬಹುದು, ಹೊಲದ ವಸ್ತಿಗಳಲ್ಲಿರುವವರಿಗೆ ಕೈತೋಟವನ್ನೇ ಸಾಕುಮಾಡಬಹುದು. ಪ್ರತಿಯೊಂದಕ್ಕೂ ಖರ್ಚು ಬೇರೆ. ಗೃಹಬಳಕೆಯ ಕೊಳಚೆ ಘಟಕ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪ್ರತ್ಯೇಕ ಬಾಬ್ತಾಗಿ ಇಲ್ಲದಿರುವುದರಿಂದ ಸಾರ್ವಜನಿಕ ಅಹವಾಲು ಸಭೆಯೂ ನಡೆಯುವುದಿಲ್ಲ. ಕೇರಿಯವರು ಈ ಖರ್ಚಿನ ಪಟ್ಟಿಯನ್ನು ನೋಡಿ ಮಾತಾಡಬಹುದಾದ ಜಾಗ ಗ್ರಾಮಸಭೆಯೊಂದೇ.

ಆ ಸಭೆಯ ಭಾಷೆಯ ಪ್ರಶ್ನೆ ಹೀಗೆ ಕಾನೂನಿನ ಪ್ರಶ್ನೆಯಾಗುತ್ತದೆ. ಮಹಾರಾಷ್ಟ್ರ ವಿಧಾನಮಂಡಲ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಆಡಳಿತದಲ್ಲಿ ಮರಾಠಿಯನ್ನು ಕಡ್ಡಾಯಗೊಳಿಸುವ ಕಾನೂನು ಮಾಡಿತು. ಅದಾದ ಮೇಲೆ ಕನ್ನಡದ ಪ್ರತಿ ಕೇಳುವುದೇ ತಪ್ಪೆಂಬ ಭಾವನೆ ಗಡಿಯ ಪಂಚಾಯತಿಗಳಲ್ಲಿ ಮೂಡಿದರೆ ಆಶ್ಚರ್ಯವಿಲ್ಲ. ಆದರೆ ಅಕೋಲಾ ಜಿಲ್ಲೆಯ ಪಾತೂರು ನಗರ ಪರಿಷತ್ತಿನ ನಾಮಫಲಕದಲ್ಲಿ ಮರಾಠಿಯ ಜೊತೆಗೆ ಉರ್ದು ಇರಬಹುದೇ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2025ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟು, 2022ರ ಕಾನೂನು ಮರಾಠಿಯೊಂದಿಗೆ ಇನ್ನೊಂದು ಭಾಷೆಯನ್ನು ಬಳಸುವುದನ್ನು ನಿಷೇಧಿಸುವುದಿಲ್ಲ ಎಂದಿತು. ನಾಮಫಲಕದ ವ್ಯಾಜ್ಯ ಚರಂಡಿಗೆ ಉಪಕಾರ ಮಾಡಿದ ಅಪರೂಪದ ಪ್ರಸಂಗ ಇದು. ಮರಾಠಿ ಠರಾವಿಗೆ ಕನ್ನಡದ ಪ್ರತಿಯನ್ನು ಲಗತ್ತಿಸಲು, ಗೋಡೆಯ ಮೇಲಿನ ಸೂಚನೆಯನ್ನು ಎರಡು ಭಾಷೆಗಳಲ್ಲಿ ಬರೆಯಲು ಅಡ್ಡಿಯಿಲ್ಲ. ಹಿಂದಿನ ಆಧಾರಗಳೂ ಇವೆ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಸಂವಿಧಾನದ 350ನೆಯ ವಿಧಿಯಲ್ಲಿದೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಒಪ್ಪಿತವಾದ ಕ್ರಮಗಳ ಪ್ರಕಾರ ಜಿಲ್ಲೆ ಅಥವಾ ಅದಕ್ಕಿಂತ ಕೆಳಗಿನ ಘಟಕದಲ್ಲಿ ಶೇ. 15ರಷ್ಟು ಜನರಾಡುವ ಭಾಷೆಗೆ ಮುಖ್ಯ ನಿಯಮ, ಸೂಚನೆಗಳು ಅನುವಾದಗೊಳ್ಳಬೇಕು. ನೆಲ ಮತ್ತು ಬಾವಿಯ ಮೇಲೆ ಪರಿಣಾಮ ಬೀರುವ ಸೂಚನೆ ‘ಮುಖ್ಯ’ವಲ್ಲವೆಂದು ವಾದಿಸುವುದು ಕಷ್ಟ.

ಕಾಸರಗೋಡಿನಲ್ಲಿ ಈ ಕಾನೂನಿನ ನೆಲೆ ಇನ್ನೂ ಗಟ್ಟಿಯಾಗಿದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಅಲ್ಲಿನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದೊಂದಿಗೆ ವ್ಯವಹರಿಸಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ಗ್ರಾಮಸಭೆಯೂ ಅಲ್ಲಿ ವಾರ್ಡಿನ ಮಟ್ಟದ್ದು. ಮುಖ ಪರಿಚಯವಿರುವಷ್ಟು ಸಣ್ಣದು. ಅಲ್ಲಿಯ ತೊಂದರೆ ಪದ ಅಪರಿಚಿತವಾಗಿರುವುದಲ್ಲ, ಅತಿ ಪರಿಚಿತವಾಗಿ ಕಾಣುವುದು. ಮಲಯಾಳದಲ್ಲಿ ‘ಮಾಲಿನ್ಯಂ’ ಎಂದರೆ ಕಸ, ತ್ಯಾಜ್ಯ. ಕನ್ನಡದಲ್ಲಿ ಮಾಲಿನ್ಯವೆಂದರೆ ಪರಿಸರ ಕೆಡುವುದು. ‘ಕಕ್ಕೂಸ್ ಮಾಲಿನ್ಯ ಸಂಸ್ಕರಣ ಪ್ಲಾಂಟ್’ ಎಂಬುದನ್ನು ಅಕ್ಷರ ಬದಲಿಸಿ ಕನ್ನಡವೆಂದು ಓದಿದರೆ, ಕಕ್ಕಸಿನ ಮಾಲಿನ್ಯವನ್ನು ಉತ್ಪಾದಿಸುವ ಕಾರ್ಖಾನೆಯೇ ಕಣ್ಣೆದುರು ಬರುತ್ತದೆ. ಕಕ್ಕೂಸು ಡಚ್ಚರಿಂದ ಬಂದ ಪದವಾಗಿ ಎರಡೂ ಕಡೆ ಒಂದೇ ಅರ್ಥದಲ್ಲಿ ಉಳಿಯಿತು; ಸಂಸ್ಕೃತದಿಂದ ಬಂದ ಪದವೇ ಕೈಕೊಟ್ಟಿತು.

ನೆಲದ ವಿಷಯದಲ್ಲಿ ಕಾಸರಗೋಡು ಜತ್ತಕ್ಕೆ ಪೂರ್ತಿ ಎದುರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ, ಜಂಬಿಟ್ಟಿಗೆಯ ಗುಡ್ಡಗಳು, ಮನೆಗೊಂದು ತೆರೆದ ಬಾವಿ. ಜಂಬಿಟ್ಟಿಗೆ ಕಲ್ಲು ಜೇನುಗೂಡಿನಂತೆ. ನೀರನ್ನು ಸೋಸದೆ ದಾಟಿಸಿಬಿಡುತ್ತದೆ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಕನಿಷ್ಠ ಎರಡು ಮೀಟರ್ ಒಣನೆಲ ಇರಬೇಕೆಂಬುದು ಸಾಮಾನ್ಯ ತತ್ತ್ವ. ಆಟಿ ತಿಂಗಳಲ್ಲಿ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬರುವ ಬೈಲಿನಲ್ಲಿ ಆ ಅಂತರ ಎಲ್ಲಿಂದ ಬರಬೇಕು? ಟೆಂಭುರ್ಣಿಯ ಗುಂಡಿ ಇಲ್ಲಿ ಬಾವಿಗೆ ಕೊಳವೆ ಜೋಡಿಸಿದಂತೆ. ಕೇರಳದ ಕಟ್ಟಡ ನಿಯಮ ಬಾವಿಗೂ ಇಂಗುಗುಂಡಿಗೂ 7.5 ಮೀಟರ್ ಅಂತರ ಕೇಳುತ್ತದೆ. ಆದರೆ ಬಾಯಾರು, ಪಡ್ರೆಯ ಕಡೆ ನೀರಿನ ಮೂಲ ಬಾವಿಯಷ್ಟೇ ಅಲ್ಲ, ಸುರಂಗವೂ ಹೌದು. ಗುಡ್ಡದೊಳಗೆ ಅಡ್ಡಡ್ಡ ಕೊರೆದ, ಕೆಲವೊಮ್ಮೆ ನೂರು ಮೀಟರಿಗೂ ಮಿಕ್ಕಿ ಒಳಹೋಗುವ ಈ ದಾರಿಯಲ್ಲಿ ಒಸರುವ ನೀರೇ ಎಷ್ಟೋ ಮನೆಗಳ ಕುಡಿನೀರು, ಅಡಿಕೆ ತೋಟದ ಜೀವ. 7.5 ಮೀಟರನ್ನು ಸುರಂಗದ ಬಾಯಿಯಿಂದ ಅಳೆಯಬೇಕೇ, ಒಳತುದಿಯ ನೆತ್ತಿಯಿಂದಲೇ? ಕೆಳಗಿನ ಮನೆಯವನ ಸುರಂಗ ಮೇಲಿನ ಮನೆಯವನ ಅಂಗಳದಡಿ ಹೋಗಿರಬಹುದು. ನಿಯಮ ಬರೆದವರ ಭಾಷೆಯಲ್ಲಿ ಬಾವಿ ಇತ್ತು, ಸುರಂಗ ಇರಲಿಲ್ಲ. ಅದರ ದಿಕ್ಕು, ಕವಲು, ಒರತೆಯ ಜಾಗ ಗೊತ್ತಿರುವುದು ಅದನ್ನು ಕೊರೆದವರಿಗೆ ಮತ್ತು ಮನೆಯವರಿಗೆ. ಅವರ ಮಾತು ಕನ್ನಡ, ತುಳು, ಮರಾಠಿ, ಹವ್ಯಕ.

ಇದೇ ಪಡ್ರೆ ಇರುವ ಎಣ್ಮಕಜೆಯಲ್ಲಿ ಗೇರುತೋಟಗಳ ಮೇಲೆ 2000ದವರೆಗೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಕೀಟನಾಶಕಕ್ಕೆ ಕರಾವಳಿಯ ಕನ್ನಡ ಇಟ್ಟ ಹೆಸರು ‘ಮದ್ದು’. ಅಪಾಯವಿಲ್ಲವೆಂಬ ಅಧಿಕೃತ ಮಾತನ್ನು ಒಮ್ಮೆ ನಂಬಿದ ಊರಿನಲ್ಲಿ ‘ಸುರಕ್ಷಿತ ಸಂಸ್ಕರಣೆ’ ಎಂಬ ಪದ ಬರಿಗೈಯಲ್ಲಿ ಬಂದರೆ ಬಾಗಿಲು ತೆರೆಯುವುದಿಲ್ಲ.

ಎಲ್ಲವನ್ನೂ ಭಾಷೆಯ ತಲೆಗೆ ಕಟ್ಟುವುದೂ ಸರಿಯಲ್ಲ. 2022ರಲ್ಲಿ ಕೋಝಿಕ್ಕೋಡಿನ ಆವಿಕ್ಕಲ್ ತೋಡಿನಲ್ಲಿ ಕೊಳಚೆ ಘಟಕದ ವಿರುದ್ಧ ಕಡಲಂಚಿನ ಜನ ಬೀದಿಗಿಳಿದಾಗ ಯೋಜನೆಯ ಭಾಷೆಯೂ ಅವರ ಭಾಷೆಯೂ ಒಂದೇ ಆಗಿತ್ತು. ದಟ್ಟವಾಗಿ ಮನೆಗಳಿರುವ ತಮ್ಮ ಜಾಗವೇ ಏಕೆ ಎಂಬುದು ಅವರ ಪ್ರಶ್ನೆ. ತಾಯ್ನುಡಿಯ ಪ್ರತಿ ಕೈಗಿಟ್ಟೊಡನೆ ವಿರೋಧ ಕರಗುತ್ತದೆಂದು ನಂಬಿರುವ ಅಧಿಕಾರಿಗೆ ನಿರಾಶೆಯೇ ಗತಿ. ತಿಳಿದು ವಿರೋಧಿಸುವವರು ಸ್ಥಳವನ್ನೋ ವಿನ್ಯಾಸವನ್ನೋ ಬದಲಿಸುವಂತೆ ಕೇಳಬಲ್ಲರು. ತಿಳಿಯದೆ ಒಪ್ಪಿದವರು ಎರಡು ಮಳೆಗಾಲದ ಬಳಿಕ ಕೊಳಕ್ಕೆ ಮಣ್ಣು ತುಂಬುತ್ತಾರೆ. ಕನ್ನಡದ ಪ್ರತಿಯ ಉಪಯೋಗ ಅಷ್ಟು, ಅದು ಕಡಿಮೆಯೇನಲ್ಲ.

ಕೊನೆಯ ಪ್ರಶ್ನೆ ಹೂಳಿನದು. ಯಾವ ವ್ಯವಸ್ಥೆಯಾದರೂ ನೀರು ತಿಳಿಯಾಗುವುದು ಕೆಸರು ಬೇರೆಯಾಗುವುದರಿಂದ. ಆ ಕೆಸರು ತೊಟ್ಟಿಯ ತಳದಲ್ಲಿ ಕೂತಿರುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ ತೆಗೆಯದಿದ್ದರೆ ಮೊದಲ ಕೊಳ ತುಂಬಿ, ನೀರು ಬಂದಂತೆಯೇ ಹೊರಬೀಳುತ್ತದೆ. ಹಳ್ಳಿಯ ಘಟಕಗಳು ಸಾಯುವುದು ಬಹುಮಟ್ಟಿಗೆ ಹೀಗೆ, ತಂತ್ರದ ದೋಷದಿಂದಲ್ಲ. ಶೌಚಗುಂಡಿಗಳ ಕೆಸರಿಗೆ ಮಾರ್ಗಸೂಚಿಯಲ್ಲಿ ತಲೆಗೆ 230 ರೂಪಾಯಿವರೆಗೆ ಬೇರೆಯೇ ಬಾಬ್ತಿದೆ. ಅದನ್ನು ಒಂದೂರಿಗೆ ಮಾಡಲಾಗದು, ಹಲವು ಊರು ಕೂಡಿ ಒಣಗಿಸುವ ಹಾಸುಗಳನ್ನು ಮಾಡಿಕೊಳ್ಳಬೇಕು. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಘಟಕ ಈ ಕೆಲಸವನ್ನು ದೇಶದಲ್ಲಿ ಮೊದಮೊದಲು ಮಾಡಿ ತೋರಿಸಿದವುಗಳಲ್ಲೊಂದು: ಕೆಸರನ್ನು ಒಣಗಿಸಿ, ಗೊಬ್ಬರವಾಗಿ ಮಾಗಿಸಿ ರೈತರಿಗೆ ಕೊಡುವ ದಾರಿ. ಹೀರುಬಂಡಿಗೆ ಬೆಂಗಳೂರಿನವರು ಇಟ್ಟ ‘ಹನಿ ಸಕ್ಕರ್’ ಎಂಬ ಹೆಸರನ್ನು ಅನುವಾದಿಸದೆ ಬಿಡುವುದೇ ಲೇಸು. ಜತ್ತದ ಯೋಜನೆಯಲ್ಲಿ ‘ಮೈಲಾಗಾಳ’, ಹೊಸೂರಿನದರಲ್ಲಿ ‘ಕಸಡು’, ಕಾಸರಗೋಡಿನದರಲ್ಲಿ ‘ಕಕ್ಕೂಸ್ ಮಾಲಿನ್ಯ’ ಎಂದು ಬರುವ ಸಾಲನ್ನು ಕನ್ನಡದ ಪ್ರತಿ ಹೇಗೆ ಬರೆದರೂ ಅದರ ಮುಂದೆ ಮೂರು ವಿವರ ಇರಬೇಕು: ಎಷ್ಟು ತಿಂಗಳಿಗೊಮ್ಮೆ, ಯಾವ ಯಂತ್ರದಿಂದ, ಯಾವ ಲೆಕ್ಕಶೀರ್ಷಿಕೆಯ ಹಣದಿಂದ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಮಲದ ಗುಂಡಿಗಿಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಲೆಕ್ಕಶೀರ್ಷಿಕೆಯ ಕಲಂ ಖಾಲಿಯಿದ್ದರೆ ಯಂತ್ರ ಬರುವುದಿಲ್ಲ. ತೊಟ್ಟಿ ತುಂಬಿದ ದಿನ ಪಂಚಾಯತಿಯವರು ಆಳು ಹುಡುಕಿಕೊಂಡು ಹೋಗುವುದು ಅದೇ ತಗ್ಗಿನ ಕೇರಿಗೆ.